ಕೈ ತೊಳಕೊಂಡು ಬಾ

ಕಳೆದ ಡಿಸೆಂಬರಿನಲ್ಲಿ ನನ್ನ ತಂಗಿ ಮಗಳನ್ನು ಕರಕೊಂಡು ಹುಬ್ಬಳ್ಳಿಯಿಂದ ಬಂದಿದ್ದಳು. ಅತ್ತಿವೇರಿಗೆ ಬರುವ ನೆಂಟರು ನಮ್ಮನ್ನು ಮಾತಾಡಿಸಲು ಬಂದೆವೆಂದು ಹೇಳುತ್ತಾರೆ. ಬರುವುದು ಮಾತ್ರ ಹಕ್ಕಿ ನೋಡಲಿಕ್ಕೆ. ಇದರಲ್ಲಿ ನನಗೆ ಬೇಸರವೇನಿಲ್ಲ. ಎರಡೂಕಾಲು ಚದರ ಕಿಲೋಮೀಟರಿನಷ್ಟು ಚಿಕ್ಕ ಪಕ್ಷಿಧಾಮ ನಮ್ಮದು. ಆದರೂ ಚಳಿಗಾಲದಲ್ಲಿ ಜಲಾಶಯದ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಚಮಚದಂಥ ಕೊಕ್ಕಿನ ಕೊಕ್ಕರೆಗಳು ಬಂದು ಕೂತರೆ ಜಾತ್ರೆಯಂತೆ ಕಾಣುತ್ತದೆ. ಆ ಜಾತ್ರೆಯ ಎದುರು ಮುಪ್ಪಾದ ಅಕ್ಕನನ್ನು ನೋಡುವವರು ಯಾರು?

ಊಟವಾಗಿ ಎಲೆಯಡಿಕೆಯ ತಟ್ಟೆ ಮುಂದಿಟ್ಟುಕೊಂಡು ಕೂತಾಗ ತಂಗಿ ತನ್ನ ಅಹವಾಲು ತೆಗೆದಳು. "ಅಕ್ಕಾ, ಇಕಿ ಪುಸ್ತಕ ಅಂದ್ರ ಮಾರಿ ತಿರುಗಿಸ್ತಾಳ. ಐದನೇತ್ತಕ್ಕ ಬಂದಾಳ, ಸಾಲಿ ಪುಸ್ತಕ ಬಿಟ್ರ ಒಂದೂ ಮುಟ್ಟಂಗಿಲ್ಲ. ನೀ ಮೂವತ್ತಾರು ವರ್ಷ ಸಾಲಿ ಕಲಿಸಿದಾಕಿ. ಯಾವ ಪುಸ್ತಕ ಕೊಡಸ್ಬೇಕು, ಒಂದು ಯಾದಿ ಬರದು ಕೊಡು."

ಮಗಳು ಸಹನಾ ಹೊರಗೆ ಕಟ್ಟೆಯ ಮೇಲೆ ಕೂತು ಬೆಕ್ಕಿನ ಬಾಲ ಎಳೆಯುತ್ತಿದ್ದಳು. ಅವಳ ಚೀಲದಲ್ಲಿ ತಾಯಿ ತುರುಕಿದ್ದ ಎರಡು ಪುಸ್ತಕಗಳಿದ್ದವು. ಒಂದು ನೀತಿಕಥೆಗಳದ್ದು, ಇನ್ನೊಂದು ಮಹಾಪುರುಷರದ್ದು. ಎರಡೂ ಹೊಸ ಸೀರೆಯ ಮಡಿಕೆ ಹಾಗೆ ಗರಿಗರಿಯಾಗಿದ್ದವು. ಬಿಚ್ಚಿ ನೋಡಿದವರು ಯಾರೂ ಇಲ್ಲವೆಂದು ಅವೇ ಹೇಳುತ್ತಿದ್ದವು.

ಯಾದಿ ಬರೆಯಲು ನಾನು ಪೆನ್ನು ತಗೊಂಡೆ. ಬರೆಯಲು ಆಗಲಿಲ್ಲ. ಪುಸ್ತಕಗಳ ಹೆಸರು ಗೊತ್ತಿಲ್ಲವೆಂದಲ್ಲ. ಮಕ್ಕಳಿಗೆ ಯಾವ ಪುಸ್ತಕ ತಕ್ಕದ್ದು ಎಂದು ತೀರ್ಮಾನಿಸುವ ಅಧಿಕಾರ ಒಂದು ಕಾಲಕ್ಕೆ ನನ್ನ ಕೈಯಲ್ಲಿ, ಸೊಂಟಕ್ಕೆ ಸಿಗಿಸಿದ ಕೀಲಿಕೈಯ ರೂಪದಲ್ಲಿ ಇತ್ತು. ಆ ಅಧಿಕಾರವನ್ನು ನಾನು ಚಲಾಯಿಸಿದ ರೀತಿ ನೆನಪಾಗಿ ಪೆನ್ನು ನಿಂತಿತು. ಅದನ್ನು ಆಮೇಲೆ ಹೇಳುತ್ತೇನೆ.

ಎಂಟರಿಂದ ಹನ್ನೆರಡರ ನಡುವಿನ ಈ ವಯಸ್ಸಿಗೆ ನಮ್ಮಲ್ಲಿ ಸರಿಯಾದ ಹೆಸರೇ ಇಲ್ಲ ನೋಡಿ. ಕೂಸೆನ್ನುವಂತಿಲ್ಲ, ದೊಡ್ಡವಳಾದಳೆನ್ನುವಂತಿಲ್ಲ. ತೊಡೆಯ ಮೇಲೆ ಕೂರಿಸಿ ಹೇಳುವ ಗುಬ್ಬಿಯ ಕತೆಗೆ ಅವರು ನಗುತ್ತಾರೆ. ದೊಡ್ಡವರ ಕಾದಂಬರಿ ಕೊಟ್ಟರೆ ಆಕಳಿಸುತ್ತಾರೆ. ಆದರೆ ಓದಿನ ಭವಿಷ್ಯ ನಿಂತಿರುವುದು ಇಲ್ಲೇ. ಮೂರನೆಯ ಇಯತ್ತೆಯ ತನಕ ಮಗು ಅಕ್ಷರ ಓದುತ್ತದೆ. ನಾಲ್ಕನೆಯದರಿಂದ ಅಕ್ಷರ ಮರೆತು ವಿಷಯ ಓದತೊಡಗಬೇಕು. ಆ ದಾಟು ದಾಟಿದ ಮಗು ಮುಂದೆ ಹೊಟ್ಟೆಪಾಡಿಗಾಗಿ ಏನೇ ಮಾಡಲಿ, ಓದುವುದನ್ನು ಬಿಡುವುದಿಲ್ಲ. ದಾಟದೆ ಉಳಿದವರು ಏಳನೆಯದರ ಹೊತ್ತಿಗೆ ಪುಸ್ತಕವನ್ನು ಪರೀಕ್ಷೆಯ ಸಾಮಾನೆಂದು ತಿಳಿಯುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಂತೂ ಹೆಣ್ಣುಮಕ್ಕಳಿಗೆ ಬಹಳ ಕಾಲ ಏಳನೆಯ ಇಯತ್ತೆಯೇ ಕೊನೆ. ಹೈಸ್ಕೂಲು ಬೇರೆ ಊರಲ್ಲಿ, ಬಸ್ಸು ಎರಡು ಹೊತ್ತು, ಮನೆಯಲ್ಲಿ ಚಿಕ್ಕ ತಮ್ಮ. ಹಾಗಾಗಿ ಅವರಿಗೆ ಓದಿನ ರುಚಿ ಹತ್ತಿದರೆ ಆ ನಾಲ್ಕು ವರ್ಷದಲ್ಲಿ ಹತ್ತಬೇಕು. ಇಲ್ಲದಿದ್ದರೆ ಇಲ್ಲ.

ನನಗೆ ಆ ರುಚಿ ಹತ್ತಿದ್ದು 1968ರಲ್ಲಿ, 'ಚಂದಮಾಮ'ದಿಂದ. ಆ ಪತ್ರಿಕೆಯನ್ನು 1947ರ ಜುಲೈಯಲ್ಲಿ ಮದರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ತೆಲುಗು, ತಮಿಳಿನಲ್ಲಿ ಹೊರಡಿಸಿದರು. ಮುಂದೆ ಅದು ಕನ್ನಡಕ್ಕೂ ಬಂತು. ಅಪ್ಪ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ನಮ್ಮ ಮನೆಗೆ ಪತ್ರಿಕೆ ತರಿಸುವ ಶಕ್ತಿ ಇರಲಿಲ್ಲ. ಪಕ್ಕದ ಮನೆಗೆ ಬರುತ್ತಿದ್ದುದನ್ನು ಅವರ ಮನೆಯವರೆಲ್ಲ ಓದಿ ಮುಗಿಸಿದ ಮೇಲೆ ಎರಡು ದಿನದ ಕಡ ತರುತ್ತಿದ್ದೆ. ಕೊಡುವಾಗ ಅವರು ಏನೂ ಕೇಳುತ್ತಿರಲಿಲ್ಲ. ಆ ದೊಡ್ಡತನ ಎಷ್ಟು ದೊಡ್ಡದೆಂದು ಆಗ ನನಗೆ ತಿಳಿಯಲಿಲ್ಲ.

ಅವ್ವ ಓದಿದ್ದು ಮೂರನೆಯ ಇಯತ್ತೆ. ನಮ್ಮ ಸೀಮೆ 1956ರ ತನಕ ಮುಂಬಯಿ ಆಡಳಿತದಲ್ಲಿತ್ತು. ಮುಲ್ಕಿ ಪರೀಕ್ಷೆ ಪಾಸಾದವರನ್ನು ಜನ ನಿಂತು ನೋಡುತ್ತಿದ್ದ ಕಾಲ ಅದು. ಅವ್ವನಿಗೆ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿತ್ತು. ರೊಟ್ಟಿ ಬಡಿಯುತ್ತ "ಬೇತಾಳಂದು ಓದು" ಎನ್ನುತ್ತಿದ್ದಳು. ಶಂಕರ್ ಅವರ ಆ ಚಿತ್ರ ನಿಮಗೂ ನೆನಪಿರಬಹುದು: ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ನಾನು ಪುಸ್ತಕ ಮುಚ್ಚುತ್ತಿದ್ದೆ. ಅವ್ವ ರೊಟ್ಟಿ ಬಿಟ್ಟು ಯೋಚಿಸುತ್ತಿದ್ದಳು. ಅವಳ ಉತ್ತರಕ್ಕೂ ವಿಕ್ರಮನ ಉತ್ತರಕ್ಕೂ ಅನೇಕ ಸಲ ತಾಳೆಯಾಗುತ್ತಿರಲಿಲ್ಲ. "ಅಂವಾ ರಾಜಾ, ಅವಂಗೇನು ಗೊತ್ತು ಹೆಂಗಸರ ಕಷ್ಟ" ಎಂದು ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ಓದುವುದೆಂದರೆ ಬರೆದದ್ದನ್ನು ಒಪ್ಪುವುದಲ್ಲ, ಅದರ ಜೊತೆ ವಾದ ಹಾಕುವುದು ಎಂಬುದನ್ನು ನಾನು ಕಲಿತದ್ದು ಆ ಒಲೆಯ ಮುಂದೆ. ಯಾವ ಟ್ರೇನಿಂಗ್ ಕಾಲೇಜಿನಲ್ಲೂ ಅದನ್ನು ಕಲಿಸಲಿಲ್ಲ.

ಆದರೆ 'ಚಂದಮಾಮ' ತಕ್ಕ ಪುಸ್ತಕವೆಂದು ನಮ್ಮ ಸಾಲಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೆಣ, ದೆವ್ವ, ಮಾಂತ್ರಿಕ, ಇವೆಲ್ಲ ಮಕ್ಕಳನ್ನು ಕೆಡಿಸುತ್ತವೆ ಎಂಬ ಮಾತಿತ್ತು. ಹಾಗಾದರೆ ತಕ್ಕದ್ದು ಯಾವುದು? ಅದನ್ನು ಮೊದಲು ಯಾರು ಆರಿಸಿದರು? ತಂಗಿಗೆ ಯಾದಿ ಬರೆಯಲಾಗದೆ ಕೂತ ಆ ರಾತ್ರಿ ನಾನು ಈ ಪ್ರಶ್ನೆಯ ಬೆನ್ನು ಹತ್ತಿದೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವನು ಪಂಚತಂತ್ರದ ಆ ಪಂಡಿತನೇ ಇರಬೇಕು. ರಾಜನ ಮಕ್ಕಳಿಗೆ ಓದು ಹತ್ತದು. ಶಾಸ್ತ್ರಗಳಿಂದ ಆಗದ್ದನ್ನು ಅವನು ನರಿ, ಎತ್ತು, ಕಾಗೆ, ಮೊಸಳೆಗಳಿಂದ ಮಾಡಿಸಿದ. ಕನ್ನಡಕ್ಕೆ ಇದನ್ನು ತಂದವನು ಹನ್ನೊಂದನೆಯ ಶತಮಾನದ ದುರ್ಗಸಿಂಹ. ಚಾಲುಕ್ಯರ ಆಳಿಕೆಯಲ್ಲಿ, ವಸುಭಾಗಭಟ್ಟನ ಪರಂಪರೆಯ ಕತೆಗಳನ್ನು ಹಿಡಿದು ಅವನು ಕನ್ನಡ ಪಂಚತಂತ್ರ ಬರೆದ. ಅದು ಪಂಡಿತರ ಚಂಪೂ, ಮಕ್ಕಳ ಪುಸ್ತಕವಲ್ಲ. ಆದರೆ ಅದರ ಒಳಗಿನ ಉಪಾಯ ಎಲ್ಲ ತಾಯಂದಿರಿಗೂ ಗೊತ್ತಿದ್ದದ್ದೇ: ಕಹಿ ಗುಳಿಗೆಯನ್ನು ಬೆಲ್ಲದಲ್ಲಿ ಇಟ್ಟು ನುಂಗಿಸುವುದು.

ವಿಲಾಯತಿಯಲ್ಲೂ ಕತೆ ಬೇರೆಯಲ್ಲ. 1744ರಲ್ಲಿ ಲಂಡನ್ನಿನ ಜಾನ್ ನ್ಯೂಬೆರಿ ಎಂಬ ಪುಸ್ತಕ ವ್ಯಾಪಾರಿ ಮಕ್ಕಳಿಗೆಂದೇ ಒಂದು ಜೇಬಿನಳತೆಯ ಪುಸ್ತಕ ಮಾಡಿ ಮಾರಿದ. ಬೆಲೆ ಆರು ಪೆನ್ನಿ. ಇನ್ನೆರಡು ಪೆನ್ನಿ ಕೊಟ್ಟರೆ ಗಂಡುಮಕ್ಕಳಿಗೆ ಒಂದು ಚೆಂಡು, ಹೆಣ್ಣುಮಕ್ಕಳಿಗೆ ಸೂಜಿ ಚುಚ್ಚಿಡುವ ಮೆತ್ತೆ! ಎರಡಕ್ಕೂ ಒಂದು ಬದಿ ಕೆಂಪು, ಇನ್ನೊಂದು ಬದಿ ಕಪ್ಪು. ಒಳ್ಳೆಯ ಕೆಲಸ ಮಾಡಿದರೆ ಕೆಂಪಿನಲ್ಲಿ ಒಂದು ಸೂಜಿ, ತಪ್ಪು ಮಾಡಿದರೆ ಕಪ್ಪಿನಲ್ಲಿ ಒಂದು. ಮಕ್ಕಳ ಪುಸ್ತಕದ ವ್ಯಾಪಾರ ಕಣ್ಣು ಬಿಟ್ಟ ದಿನವೇ ಅದರ ಜೊತೆಗೆ ಲೆಕ್ಕದ ಮೆತ್ತೆಯೂ ಬಂತು, ಆಟ ಅವನಿಗೆ, ಹೊಲಿಗೆ ಇವಳಿಗೆ ಎಂಬ ಹಂಚಿಕೆಯೂ ಬಂತು. ಇದನ್ನು ಓದಿದಾಗ ನನಗೆ ನಗುವೂ ಬಂತು, ಸ್ವಲ್ಪ ಸಿಟ್ಟೂ ಬಂತು.

ನಮ್ಮಲ್ಲಿ ಈ ಲೆಕ್ಕದ ಮೆತ್ತೆಯನ್ನು ಪಕ್ಕಕ್ಕಿಟ್ಟವರು ಪಂಜೆ ಮಂಗೇಶರಾಯರು. ಅವರು ಮಾಸ್ತರರಾಗಿದ್ದವರು, ಶಾಲಾ ಇನ್ಸ್‌ಪೆಕ್ಟರಾಗಿದ್ದವರು. ಊರೂರು ತಿರುಗಿ, ಒಣ ಪಾಠ ಒಪ್ಪಿಸುವ ಮಕ್ಕಳ ಮುಖ ನೋಡಿದ್ದವರು. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಹಾಡು ಬರೆದರು, ಇಲಿಗಳನ್ನು ಕುಣಿಸಿದರು, ಕೋಟಿ ಚೆನ್ನಯರ ಕತೆ ಹೇಳಿದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಮಕ್ಕಳಿಗೆ ಬರೆದವರನ್ನು ಸಾಹಿತಿಗಳೆಂದು ಎಣಿಸಲು ಹಿಂದೆಮುಂದೆ ನೋಡುತ್ತಿದ್ದ ನಾಡು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು.

ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ ಇದ್ದರು. ಎಳವೆಯಲ್ಲೇ ವೈಧವ್ಯ ಬಂದ ಹೆಣ್ಣುಮಗಳು. ನಾಲ್ಕು ದಶಕ 'ಸರಸ್ವತಿ' ಎಂಬ ಮಹಿಳೆಯರ ಪತ್ರಿಕೆ ನಡೆಸಿದರು. 1938ರಲ್ಲಿ ಚಾಮರಾಜಪೇಟೆಯಲ್ಲಿ 'ಮಕ್ಕಳ ಕೂಟ' ಕಟ್ಟಿದರು. ಸ್ವಂತ ಮಕ್ಕಳಿಲ್ಲದ ಆ ತಾಯಿ ಊರ ಮಕ್ಕಳನ್ನು ಸೇರಿಸಿ ಆಡಿಸಿದ್ದನ್ನು ನೆನೆದರೆ ನನಗೆ ಒಂದು ವಿಷಯ ಹೊಳೆಯುತ್ತದೆ. ಮಕ್ಕಳಿಗೆ ಏನು ಬೇಕೆಂದು ತಿಳಿಯಬೇಕಾದರೆ ಮೊದಲು ಮಕ್ಕಳ ನಡುವೆ ಕೂರಬೇಕು. ಪುಸ್ತಕದಂಗಡಿಯಲ್ಲಿ ಕೂತರೆ ತಿಳಿಯುವುದಿಲ್ಲ.

ಶಿವರಾಮ ಕಾರಂತರು ಇನ್ನೊಂದು ದಾರಿ ಹಿಡಿದರು. ಮಗುವಿಗೆ ಕತೆ ಮಾತ್ರ ಸಾಲದು, ಜಗತ್ತೇ ಬೇಕು ಎಂದು 1930ರ ದಶಕದಲ್ಲಿ ಒಬ್ಬರೇ ಕೂತು ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದರು. ವಿಶ್ವವಿದ್ಯಾಲಯವೊಂದು ಹತ್ತು ಮಂದಿಯ ಸಮಿತಿ ಮಾಡಿ ಹತ್ತು ವರ್ಷ ಎಳೆಯುವಂಥ ಕೆಲಸ ಅದು. ಆಮೇಲೆ ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನಗಂಗೋತ್ರಿ' ಎಂಬ ಕಿರಿಯರ ವಿಶ್ವಕೋಶ ಏಳು ದಪ್ಪ ಸಂಪುಟಗಳಲ್ಲಿ ಬಂತು. ಅವನ್ನು ಎತ್ತಲು ಕಿರಿಯರಿಗೆ ಹಿರಿಯರ ಸಹಾಯ ಬೇಕಾಗುತ್ತಿತ್ತು ಎನ್ನುವುದು ಬೇರೆ ಮಾತು.

'ಅಮರ ಚಿತ್ರ ಕಥೆ'ಯ ಹುಟ್ಟಿನಲ್ಲಿ ಕನ್ನಡದ ಪಾಲಿದೆಯೆಂದು ಎಷ್ಟು ಜನಕ್ಕೆ ಗೊತ್ತು? ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಒತ್ತಾಯದಿಂದ 1965ರ ಹೊತ್ತಿಗೆ ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಆದರೆ ಅವೆಲ್ಲ ಪರದೇಶದ ಕತೆಗಳು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, ಟೀವಿಯ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳ ಹೆಸರು ಹೇಳಬಲ್ಲ ಮಕ್ಕಳಿಗೆ ರಾಮನ ತಾಯಿ ಯಾರೆಂದು ಗೊತ್ತಿಲ್ಲದ್ದನ್ನು ಕಂಡು ಚಿಂತೆಗೆ ಬಿದ್ದರು. ಹಾಗೆ ಹುಟ್ಟಿದ 'ಕೃಷ್ಣ'ನಿಗೆ ಸಿಕ್ಕಿದ್ದು ಹನ್ನೊಂದನೆಯ ಸಂಖ್ಯೆ. ಮುಂದೆ ರಾಷ್ಟ್ರೋತ್ಥಾನದವರ 'ಭಾರತ ಭಾರತಿ' ಮಾಲೆ ಬಂತು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಐದುನೂರ ಹತ್ತು ಮಹನೀಯರ ಪುಟ್ಟ ಪುಟ್ಟ ಜೀವನಚರಿತ್ರೆಗಳು. ಓಟದಲ್ಲಿ ಗೆದ್ದವರಿಗೆ, ಭಾಷಣದಲ್ಲಿ ಗೆದ್ದವರಿಗೆ, ರಂಗೋಲಿಯಲ್ಲಿ ಗೆದ್ದವರಿಗೆ ನಮ್ಮ ಕಡೆಯ ಶಾಲೆಗಳಲ್ಲಿ ಅವೇ ಬಹುಮಾನ. ಇನ್ನೊಂದು ದಿಕ್ಕಿನಿಂದ ರಷ್ಯದ ಮಕ್ಕಳ ಪುಸ್ತಕಗಳು ಬಂದವು. ನುಣುಪು ಕಾಗದ, ಹಿಮ, ಕರಡಿ, ಅಗ್ಗದ ಬೆಲೆ. ನವಕರ್ನಾಟಕದ ಪುಸ್ತಕ ಪ್ರದರ್ಶನಗಳಲ್ಲಿ ಅವು ಹರಡಿರುತ್ತಿದ್ದವು. 1991ರಲ್ಲಿ ಆ ದೇಶವೇ ಒಡೆದಾಗ ಆ ಪುಸ್ತಕಗಳೂ ನಿಂತವು.

ಈ ಸಾಲನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ಮಾತು ಕಾಣುತ್ತದೆ. ಪ್ರತಿಯೊಂದು ಕಾಲದ ಹಿರಿಯರಿಗೂ ಮಕ್ಕಳ ಬಗ್ಗೆ ಒಂದು ಕನಸಿತ್ತು, ಅದರ ಹಿಂದೆ ಒಂದು ಹೆದರಿಕೆಯೂ ಇತ್ತು. ಮಗು ದಡ್ಡನಾದೀತು, ದೇಶ ಮರೆತೀತು, ದೇವರ ಮರೆತೀತು, ವಿಜ್ಞಾನ ಕಲಿಯದೆ ಹಿಂದುಳಿದೀತು. ಹೆದರಿಕೆಯಿಂದ ಕೆಟ್ಟ ಪುಸ್ತಕಗಳೇ ಹುಟ್ಟಿದವೆಂದು ನಾನು ಹೇಳಲಾರೆ. ಒಳ್ಳೆಯ ಪುಸ್ತಕಗಳೂ ಹುಟ್ಟಿವೆ. ಆದರೆ ಬರೆದವರ ಕನಸಿಗೂ ಓದುವ ಮಗುವಿಗೂ ನಡುವೆ ಒಂದು ಬಾಗಿಲಿದೆ. ಅಲ್ಲಿ ತಾಯಿ ನಿಂತಿರುತ್ತಾಳೆ, ಇಲ್ಲವೆ ಅಕ್ಕೋರು ನಿಂತಿರುತ್ತಾರೆ. ಆ ಬಾಗಿಲಲ್ಲಿ ಕೀಲಿಕೈ ಹಿಡಿದು ನಿಂತಿದ್ದವಳು ನಾನು.

ನಾನು ನೌಕರಿಗೆ ಸೇರಿದ್ದು 1982ರಲ್ಲಿ. ಆಗಿನ ನನ್ನ ಶಾಲೆ ತಾಲೂಕಿನ ಇನ್ನೊಂದು ತುದಿಯ ಒಂದು ಹಳ್ಳಿಯಲ್ಲಿತ್ತು, ಹೆಸರು ಬೇಡ. 1986ರ ಶಿಕ್ಷಣ ನೀತಿಯ ಮರುವರ್ಷ ಕೇಂದ್ರ ಸರಕಾರ 'ಕಪ್ಪು ಹಲಗೆ' ಯೋಜನೆ ತಂದಿತು. ಪ್ರಾಥಮಿಕ ಶಾಲೆಗೆ ಕಡಿಮೆಯೆಂದರೆ ಎರಡು ಕೋಣೆ, ಇಬ್ಬರು ಶಿಕ್ಷಕರು, ಜೊತೆಗೆ ಕಲಿಕೆಯ ಸಾಮಾನು, ಪುಸ್ತಕ. ಒಂದು ದಿನ ನಮ್ಮಲ್ಲಿಗೂ ತಗಡಿನ ಒಂದು ಟ್ರಂಕು ಬಂತು. ಪುಸ್ತಕಗಳ ಹೊಣೆ ನನ್ನ ಮೇಲೆ ಬಿತ್ತು. ಸ್ಟಾಕ್ ರಜಿಸ್ಟರಿನಲ್ಲಿ ಒಂದೊಂದನ್ನೂ ಬರೆದು ಸಹಿ ಮಾಡಿದೆ. ಒಂದು ಕಳೆದರೂ ಪಗಾರದಲ್ಲಿ ಮುರಿದುಕೊಳ್ಳುತ್ತಾರೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೆದರಿಸಿದರು. ಸಾಕಲ್ಲ! ನಾನು ಟ್ರಂಕಿಗೆ ಕೀಲಿ ಹಾಕಿದೆ.

ಐದನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಮಾತು ಕಡಿಮೆ. ಟ್ರಂಕು ತೆರೆದ ದಿನ ಮೇಲಿದ್ದ ಒಂದು ಪುಸ್ತಕದ ಹೊದಿಕೆಯ ಮೇಲೆ ಮೀನು ಹಿಡಿದ ಹಕ್ಕಿಯ ಚಿತ್ರವಿತ್ತು, ಅದನ್ನು ನೋಡಿಬಿಟ್ಟಿದ್ದಳು. ಮರುದಿನ ಬಂದು, "ಅಕ್ಕೋರ, ಆ ಹಕ್ಕಿ ಪುಸ್ತಕ ಕೊಡ್ರಿ" ಎಂದಳು. ಅವಳ ಕೈ ನೋಡಿದೆ. ಬೆಳಿಗ್ಗೆ ಎಮ್ಮೆಯ ಕೊಟ್ಟಿಗೆ ಬಳಿದು ಬಂದ ಕೈ. "ಕೈ ತೊಳಕೊಂಡು ಬಾ" ಎಂದೆ. ಹೋದಳು. ಬೋರ್‌ವೆಲ್ಲು ಶಾಲೆಯ ಆಚೆ ದಂಡೆಗೆ. ಅವಳು ಕೈ ತೊಳೆದು, ಲಂಗಕ್ಕೆ ಒರೆಸಿದರೆ ಮತ್ತೆ ಹೊಲಸಾದೀತೆಂದು ಎರಡೂ ಕೈ ಗಾಳಿಯಲ್ಲಿ ಹಿಡಿದುಕೊಂಡು, ನೀರು ತೊಟ್ಟಿಕ್ಕಿಸುತ್ತ ಬರುವ ಹೊತ್ತಿಗೆ ಗಂಟೆ ಹೊಡೆದಿತ್ತು. "ಒದ್ದಿ ಕೈಲೆ ಮುಟ್ಟಬಾರ್ದು. ನಾಳೆ ಕೊಡತೀನಿ" ಎಂದೆ. ನಾಳೆ ತಪಾಸಣೆ ಇತ್ತು. ನಾಡಿದ್ದು ಏನೋ ಇತ್ತು. ಅವಳು ಇನ್ನೂ ಎರಡು ಸಲ ಕೈ ತೊಳೆದು ಬಂದಳು. ಆಮೇಲೆ ಕೇಳುವುದು ಬಿಟ್ಟಳು. ಏಳನೆಯದು ಮುಗಿದ ಮೇಲೆ ಶಾಲೆಯನ್ನೂ ಬಿಟ್ಟಳು.

ಒಂದೆರಡು ವರ್ಷಗಳ ಮೇಲೆ ಪುಸ್ತಕ ಎಣಿಸಲು ಟ್ರಂಕು ತೆರೆದೆ. ತಳದಿಂದ ಒರಲಿ ಹತ್ತಿತ್ತು. ಆ ಹಕ್ಕಿಯ ಪುಸ್ತಕವನ್ನು ಎತ್ತಿದರೆ ಹೊದಿಕೆ ಮಾತ್ರ ಕೈಗೆ ಬಂತು, ಒಳಗೆ ಮಣ್ಣು. ರಜಿಸ್ಟರಿನ ಪ್ರಕಾರ ಒಂದು ಪುಸ್ತಕವೂ ಕಳೆದಿರಲಿಲ್ಲ.

ಎಸ್.ಆರ್. ರಂಗನಾಥನ್ ಅವರ ಹೆಸರು ನೀವು ಕೇಳಿರಬಹುದು. ಗ್ರಂಥಾಲಯಕ್ಕೆ ಐದು ಸೂತ್ರ ಬರೆದವರು. 1931ರಲ್ಲಿ ಅದರ ಪುಸ್ತಕ ಬಂತು. ಬಾಳಿನ ಕೊನೆಯ ಭಾಗವನ್ನು ಬೆಂಗಳೂರಿನಲ್ಲೇ ಕಳೆದು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಮೊದಲ ಸೂತ್ರದ ತಿರುಳು ಇಷ್ಟೇ: ಪುಸ್ತಕ ಇರುವುದು ಬಳಸಲಿಕ್ಕೆ, ಕಾಯಲಿಕ್ಕಲ್ಲ. ಒಂದು ಕಾಲಕ್ಕೆ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಕಟ್ಟುತ್ತಿದ್ದರಂತೆ. ಇದನ್ನು ಓದಿದ ದಿನ ನಾನು ನಗಲಿಲ್ಲ. ನನ್ನ ಕೀಲಿಕೈ ನೆನಪಾಯಿತು.

ಮಾರನೆಯ ವರ್ಷದಿಂದ ನಾನು ಪುಸ್ತಕಗಳನ್ನು ತರಗತಿಯ ಕಿಟಕಿಯ ದಂಡೆಯ ಮೇಲೆ, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ಜೋಡಿಸಿದೆ. ಆದದ್ದೇನೆಂದರೆ, ಪುಸ್ತಕಗಳು ಹರಿದವು. ಆದರೆ ಎಲ್ಲವೂ ಹರಿಯಲಿಲ್ಲ. ಕೆಲವು ಮೊದಲ ತಿಂಗಳಲ್ಲೇ ಹರಿದವು, ಕೆಲವು ನಾಲ್ಕು ವರ್ಷವಾದರೂ ಗರಿಗರಿಯಾಗಿಯೇ ಉಳಿದವು. ಆಗ ನನಗೆ ತಿಳಿಯಿತು: ತಕ್ಕ ಪುಸ್ತಕದ ಯಾದಿ ಬೇರೆ ಎಲ್ಲೂ ಇಲ್ಲ, ಹರಿದ ಪುಸ್ತಕಗಳ ಯಾದಿಯೇ ಅದು. ಅದನ್ನು ಬರೆಯುವವರು ಮಕ್ಕಳು.

ಆ ಯಾದಿ ನನ್ನ ಎಣಿಕೆಯಂತೆ ಇರಲಿಲ್ಲ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯ ಬೆನ್ನು ಮುರಿದು ಎರಡಾಯಿತು. ಅದು ರಾಬರ್ಟ್ ಬ್ರೌನಿಂಗನ ಇಂಗ್ಲಿಷ್ ಪದ್ಯದಿಂದ ಬಂದದ್ದೆಂದು ಯಾರು ನಂಬಬೇಕು? ಮಕ್ಕಳಂತೂ ಆ ಇಲಿಗಳು ನಮ್ಮ ಪಂಚಾಯತಿ ಗೋದಾಮಿನವೇ ಎಂದುಕೊಂಡಿದ್ದರು. ಮಹಾಪುರುಷರ ಚರಿತ್ರೆಗಳಲ್ಲಿ ಅವರು ಬಾಲ್ಯದಲ್ಲಿ ಮಾಡಿದ ಕಿಡಿಗೇಡಿತನದ ಪುಟಗಳು ಮಾತ್ರ ಮಾಸಿದ್ದವು; ಸನ್ಮಾನ, ಪದವಿಗಳ ಪುಟಗಳು ಬೆಳ್ಳಗೆ ಹಾಗೆಯೇ. ಎಲ್ಲಕ್ಕಿಂತ ಆಶ್ಚರ್ಯ ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'. 1991ರಲ್ಲಿ ಬಂದ ಆ ಪುಸ್ತಕವನ್ನು ನಾನು ನನಗೆಂದು ತಂದಿದ್ದೆ. ಮೇಜಿನ ಮೇಲಿದ್ದುದನ್ನು ಆರನೆಯದರ ಹುಡುಗನೊಬ್ಬ ಹೇಳದೆ ಕೇಳದೆ ಒಯ್ದ. ಕಿವಿ ಎಂಬ ನಾಯಿಯ ಕತೆ ತರಗತಿಯಲ್ಲೆಲ್ಲ ಹರಡಿತು. ಆ ಪುಸ್ತಕ ನನಗೆ ವಾಪಸು ಬರಲೇ ಇಲ್ಲ. ಮಕ್ಕಳಿಗೆಂದು ಬರೆದದ್ದೇ ಮಕ್ಕಳ ಪುಸ್ತಕವಲ್ಲ. ಮಕ್ಕಳು ಕದ್ದೊಯ್ದದ್ದೂ ಮಕ್ಕಳ ಪುಸ್ತಕವೇ.

ನನ್ನ ಕಾಲಕ್ಕಿಂತ ಈಗ ಆಯ್ಕೆ ಹೆಚ್ಚಾಗಿದೆ. 'ಚಂದಮಾಮ' 2013ರ ಹೊತ್ತಿಗೆ ನಿಂತುಹೋಯಿತು, ನಿಜ. ಆದರೆ ಅಷ್ಟರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಮಕ್ಕಳ ಸಾಹಿತ್ಯಕ್ಕೇ ಬೇರೆ ಪುರಸ್ಕಾರ ಕೊಡತೊಡಗಿತ್ತು. ಮೊದಲ ವರ್ಷ ಕನ್ನಡದಲ್ಲಿ ಅದು ಸಂದದ್ದು ಬೊಳುವಾರು ಮಹಮದ್ ಕುಂಞಿಯವರು ಗಾಂಧಿಯ ಬಗ್ಗೆ ಮಕ್ಕಳಿಗಾಗಿ ಬರೆದ ಪುಸ್ತಕಕ್ಕೆ. 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ನಮ್ಮದೇ ಜಿಲ್ಲೆಯ ಸಿದ್ದಾಪುರದ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಹೆಸರುಗಳನ್ನೇ ನೋಡಿ. ಓಡಿಹೋದವನು, ಬಾವಲಿ, ಸೂರಕ್ಕಿ! ಇವು ಬೋಧನೆಗೆ ಹೊರಟ ಹೆಸರುಗಳಲ್ಲ. ನಮ್ಮ ಮಲೆನಾಡಿನ ಮಗು ತನ್ನ ಮನೆಯ ಹಿಂದಿನ ಕಾಡನ್ನು ಅಚ್ಚಾದ ಪುಸ್ತಕದಲ್ಲಿ ನೋಡಲು ಇಷ್ಟು ವರ್ಷ ಕಾಯಬೇಕಾಯಿತು. 2020ರಲ್ಲಿ 'ಓದುವ ಬೆಳಕು' ಎಂದು ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಪುಕ್ಕಟೆ ಸದಸ್ಯರನ್ನಾಗಿ ಮಾಡಿಕೊಂಡದ್ದೂ ಒಳ್ಳೆಯ ಕೆಲಸ. ಈಗ ಅವಕ್ಕೆ 'ಅರಿವು ಕೇಂದ್ರ' ಎಂಬ ಹೆಸರಿದೆ. ನಿಮ್ಮ ಊರಿನದನ್ನು ಒಮ್ಮೆ ಹೋಗಿ ನೋಡಿ. ಮಕ್ಕಳ ಪುಸ್ತಕ ಯಾವ ಎತ್ತರದಲ್ಲಿ ಇಟ್ಟಿದ್ದಾರೆ ಎಂಬುದನ್ನು ಮೊದಲು ನೋಡಿ.

ಹಾಗಾದರೆ ತಂಗಿಗೆ ನಾನು ಏನು ಹೇಳಿದೆ? ಅಡಿಗೆಯ ಅಳತೆಯಂತೆ ಹೇಳಬಹುದಾದದ್ದು ಸ್ವಲ್ಪವೇ. ಮಗಳನ್ನು ಅಂಗಡಿಗೆ ಕರೆದೊಯ್ಯಿ. ಸೀರೆ ಅಂಗಡಿಯಲ್ಲಿ ನೀನು ಕೂರುವಷ್ಟೇ ಹೊತ್ತು ಅವಳಿಗೂ ಕೊಡು. ಮೆಚ್ಚಿದ ಪುಸ್ತಕದ ನಡುವಿನ ಒಂದು ಪುಟ ಅವಳೇ ಓದಲಿ, ತಿಳಿಯದ ಪದಕ್ಕೆ ಒಂದೊಂದು ಬೆರಳು ಮಡಚಲಿ. ಪುಟ ಮುಗಿಯುವುದರೊಳಗೆ ಐದೂ ಬೆರಳು ಮಡಚಿದರೆ ಆ ಪುಸ್ತಕ ಮುಂದಿನ ವರ್ಷಕ್ಕೆ. ಒಂದೂ ಮಡಚದಿದ್ದರೆ ಬೇಸರದ ದಿನಕ್ಕೆ ಒಳ್ಳೆಯದು. ಕತೆಯೇ ಆಗಬೇಕೆಂದಿಲ್ಲ. ಹಕ್ಕಿ, ರೈಲು, ನಕ್ಷತ್ರ, ಕ್ರಿಕೆಟ್ಟು, ಒಗಟು, ಎಲ್ಲವೂ ಓದೇ. ಚಿತ್ರವಿದ್ದರೆ ಕೀ‍ಳೆಂದು ತಿಳಿಯಬೇಡ. ಇದು ಹುಡುಗರದ್ದು, ಇದು ಹುಡುಗಿಯರದ್ದು ಎಂದು ವಿಂಗಡಿಸಬೇಡ. ಆ ಸೂಜಿಯ ಮೆತ್ತೆಯನ್ನು 1744ರಲ್ಲೇ ಬಿಟ್ಟುಬಿಡೋಣ. ಅರ್ಧಕ್ಕೆ ಬಿಟ್ಟರೆ ಬೈಯಬೇಡ. ನೀನು ನೋಡುವ ಧಾರಾವಾಹಿಗಳನ್ನೆಲ್ಲ ಪೂರ್ತಿ ಮಾಡುತ್ತೀಯಾ? ಓದಿ ಮುಗಿಸಿದ ಮೇಲೆ 'ಇದರಿಂದ ಏನು ಕಲಿತಿ' ಎಂದು ಮಾತ್ರ ಕೇಳಬೇಡ. ಬೇಕಾದರೆ ನಮ್ಮ ಅವ್ವನ ಹಾಗೆ ವಾದ ಹಾಕು. ದೆವ್ವ, ಸಾವು, ಜಗಳ ಇದ್ದ ಪುಸ್ತಕವೆಂದು ಗಾಬರಿಯಾದರೆ ಕಸಿದುಕೊಳ್ಳಬೇಡ, ಪಕ್ಕದಲ್ಲಿ ಕೂತು ನೀನೂ ಓದು.

"ಅಂದ್ರ ಯಾದಿ ಇಲ್ಲ ಅನ್ನು" ಎಂದಳು ತಂಗಿ, ನಿರಾಸೆಯಿಂದ.

ಒಂದು ಹಳೆಯ ಮಾತನ್ನು ಹೇಳಿ ಮುಗಿಸುತ್ತೇನೆ. ನಾನು ನಿವೃತ್ತಿಯಾದದ್ದು 2018ರಲ್ಲಿ. ಆ ವರ್ಷ ಮುಂಡಗೋಡದ ಬಸ್‌ಸ್ಟ್ಯಾಂಡಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಬಂದು "ಅಕ್ಕೋರ, ಗುರುತು ಸಿಕ್ಕಿತೇನ್ರಿ" ಎಂದಳು. ಸಿಕ್ಕಿತು. ಕಣ್ಣು ಅವೇ. ಕೈಯಲ್ಲಿ ತರಕಾರಿ ಚೀಲ, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು. ಕ್ಷಮೆ ಕೇಳಬೇಕೆಂದು ಎಷ್ಟು ವರ್ಷ ಕಾದಿದ್ದೆನೋ. ಆ ಹಕ್ಕಿಯ ಪುಸ್ತಕದ ಮಾತು ತೆಗೆದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಪುಸ್ತಕದ ನೆನಪಿಲ್ರಿ ಅಕ್ಕೋರ. ನೀವು ಕೈ ನೋಡತಿದ್ರಿ, ಅದು ನೆನಪೈತಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬಂದಿತ್ತು ಎಂದು ಹೇಳುವ ಹಾಗೆ ಹೇಳಿದಳು. ಅವಳ ಬಸ್ಸು ಬಂತು. ನನ್ನ ಬಾಯಿಂದ ಕ್ಷಮೆಯ ಮಾತು ಬರಲಿಲ್ಲ.

ಮರುದಿನ ಬೆಳಿಗ್ಗೆ ತಂಗಿ, ಸಹನಾ, ನಾನು ಜಲಾಶಯದ ದಂಡೆಗೆ ಹೋದೆವು. ತೇಜಸ್ವಿಯವರ ಹಕ್ಕಿ ಪುಸ್ತಕವೊಂದನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ; ಕೊಡಲಿಲ್ಲ, ಕಟ್ಟೆಯ ಮೇಲೆ ಸುಮ್ಮನೆ ತೆರೆದಿಟ್ಟೆ. ಸಹನಾ ಮೊದಲು ಹಕ್ಕಿ ನೋಡಿದಳು, ಆಮೇಲೆ ಮೊಬೈಲು ನೋಡಿದಳು, ಆಮೇಲೆ ದಂಡೆಯ ಕೆಸರಿನಲ್ಲಿ ಏನೋ ಕೆದಕಿ ಶಂಖದ ಹುಳುವಿನ ಚಿಪ್ಪು ತಂದಳು. "ದೊಡ್ಡವ್ವ, ಈ ಕೊಕ್ಕರೀ ಬಾಯಿ ನಡುವ ಸಂದು ಯಾಕ ಐತಿ?" ಎಂದು ಪುಸ್ತಕದತ್ತ ಕೈ ಚಾಚಿದಳು. ಬೆರಳ ತುದಿಯಿಂದ ಮೊಣಕೈ ತನಕ ಕೆಸರು.

"ಏ, ಕೈ ತೊಳಕೊಂಡು..." ಎಂದು ತಂಗಿ ಬಾಯಿ ತೆರೆದಳು. ನಾನು ಅವಳ ತೊಡೆ ಚಿವುಟಿದೆ.

ಆ ಪುಸ್ತಕದ ನಲವತ್ತನೆಯದೋ ಯಾವುದೋ ಪುಟದಲ್ಲಿ ಈಗಲೂ ಅತ್ತಿವೇರಿಯ ಕೆಸರಿನ ಐದು ಬೆರಳು ಒಣಗಿ ಕೂತಿವೆ. ಪುಸ್ತಕ ಹುಬ್ಬಳ್ಳಿಯಲ್ಲಿದೆ. ವಾಪಸು ಕೇಳಿಲ್ಲ.